4,29,49,67,297: ಈ ಸಂಖ್ಯೆಯನ್ನು ಕಾಗದದ ಮೇಲೆಯೇ ಒಡೆಯಬಹುದು

2ರ 32ನೇ ಘಾತಕ್ಕೆ 1 ಕೂಡಿಸಿದರೆ ಬರುವ 4,29,49,67,297 ಅವಿಭಾಜ್ಯವೇ, ಕಂಪ್ಯೂಟರ್ ಇಲ್ಲದೆ ತಿಳಿಯಬಹುದೇ ಎಂದು ಕೇಳಿದ್ದೀರಿ. ಅವಿಭಾಜ್ಯವಲ್ಲ. 641ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಭಾಗಲಬ್ಧ 67,00,417. ಕಂಪ್ಯೂಟರ್ ಖಂಡಿತ ಬೇಡ.

ನಾನು ಮಡಿಕೇರಿಯಲ್ಲಿ ಗಣಿತ ಕಲಿಸುತ್ತೇನೆ. ಒಂದು ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇರಲಿಲ್ಲ. ಶಾಲೆಗೂ ರಜೆ. ಮೇಣದಬತ್ತಿಯ ಬೆಳಕಿನಲ್ಲಿ ಮಗಳಿಗೆ ಇದನ್ನೇ ಮಾಡಿ ತೋರಿಸಿದೆ.

ಸುಮ್ಮನೆ ಭಾಗಿಸುತ್ತಾ ಹೋದರೆ 65,536ರೊಳಗಿನ 6,542 ಅವಿಭಾಜ್ಯಗಳನ್ನೂ ಪರೀಕ್ಷಿಸಬೇಕಾದೀತು. ಇದೇ ಜಾತಿಯ ಹಿಂದಿನ ಐದು ಸಂಖ್ಯೆಗಳು, ಅಂದರೆ 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಬರುವ 3, 5, 17, 257, 65537, ಅವಿಭಾಜ್ಯಗಳೇ. ಹಾಗಾಗಿ ಮುಂದಿನವೂ ಹಾಗೆಯೇ ಎಂದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಅದನ್ನು ಸುಳ್ಳಾಗಿಸಿದರು. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದು 64ರ ಗುಣಕಕ್ಕಿಂತ 1 ಹೆಚ್ಚಾಗಿರಲೇಬೇಕು ಎಂಬುದು ಅವರದೇ ಶೋಧ. ಹಾಗೆ ಹುಡುಕಿದರೆ 193, 257, 449, 577 ಆದ ಮೇಲೆ ಐದನೆಯದೇ 641!

ಭಾಗಾಕಾರವನ್ನೇ ಮಾಡದೆ ಸಾಧಿಸುವ ದಾರಿ ಇನ್ನೂ ಚೆಂದ. ಕರಿಮೆಣಸಿನ ಕಾಳುಗಳನ್ನು 641ರಂತೆ ಗುಂಪು ಮಾಡುತ್ತೀರಿ ಎನ್ನಿ. 640 ಕಾಳಿದ್ದರೆ ಗುಂಪಿಗೆ ಒಂದು ಕಡಿಮೆ, ಅಂದರೆ ಶೇಷ −1. ಅಂಥ ನಾಲ್ಕು 640ಗಳನ್ನು ಒಂದಕ್ಕೊಂದು ಗುಣಿಸಿದರೆ, 640ರ 4ನೇ ಘಾತದ ಶೇಷ +1. ಆದರೆ 640 ಎಂದರೆ 5 × 2ರ 7ನೇ ಘಾತ. ಆದ್ದರಿಂದ ಅದರ 4ನೇ ಘಾತ 625 × 2ರ 28ನೇ ಘಾತ. 625 ಎಂಬುದು 641ಕ್ಕೆ 16 ಕಡಿಮೆ. ಅದರ ಜಾಗದಲ್ಲಿ −16, ಅಂದರೆ 2ರ 4ನೇ ಘಾತದ ಋಣವನ್ನು ಇಡಿ. ಈಗ 2ರ 32ನೇ ಘಾತದ ಋಣಕ್ಕೆ ಶೇಷ +1. ಅಂದ ಮೇಲೆ 2ರ 32ನೇ ಘಾತಕ್ಕೆ ಶೇಷ −1, 1 ಕೂಡಿಸಿದರೆ ಸೊನ್ನೆ. ಮಗಳು ಈ ಸಾಲಿಗೆ ಬಂದಾಗ ಪೆನ್ಸಿಲ್ ಕೆಳಗಿಟ್ಟು ಮತ್ತೆ ಮೊದಲಿನಿಂದ ಓದಿದಳು. ನೀವೂ ಹಾಗೆ ಓದಿ.

ಇದರಿಂದ 2 ಕಳೆದರೆ ಬರುವ 4,29,49,67,295ನ್ನೂ ಬಿಡಬೇಡಿ. ಅದು ಸರಿಯಾಗಿ 3 × 5 × 17 × 257 × 65537. ಅಷ್ಟು ಸಮಭುಜ, ಸಮಕೋನಗಳ ಬಹುಭುಜಾಕೃತಿಯನ್ನು ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರದಿಂದಲೇ ರಚಿಸಲು ತಾತ್ವಿಕವಾಗಿ ಸಾಧ್ಯ. ಬೆಸಸಂಖ್ಯೆಯ ಭುಜಗಳಲ್ಲಿ ಅದಕ್ಕಿಂತ ದೊಡ್ಡದು ಈವರೆಗೆ ಯಾರಿಗೂ ಸಿಕ್ಕಿಲ್ಲ. ನಿಮ್ಮ ಸಂಖ್ಯೆಗೆ ಎರಡೇ ಭುಜ ಹೆಚ್ಚು. ಆದರೂ ಆ ಐದರ ಜಾತಿಗೆ ಸೇರದ 641 ಒಳಗೆ ಕೂತಿರುವುದರಿಂದ ಅದನ್ನು ಹಾಗೆ ರಚಿಸಲಾಗದು.