ಬ್ರಿಟನ್ನಿನಲ್ಲಿ ಕಂಪನಿ: ಯಾವ ವಿಳಾಸಕ್ಕೆ ಯಾವ ಪತ್ರ

ನಮಸ್ಕಾರ. ಮಿಲ್ಟನ್ ಕೀನ್ಸ್‌ಗೆ ಬಂದು ನಾಲ್ಕು ತಿಂಗಳಾಯಿತು, ಪತಿಗೆ ಸ್ಕಿಲ್ಡ್ ವರ್ಕರ್ ವೀಸಾ, ಮೈಸೂರಿನಲ್ಲಿ ಮಾಡುತ್ತಿದ್ದ ಗ್ರಾಫಿಕ್ ವಿನ್ಯಾಸದ ಕೆಲಸವನ್ನು ಇಲ್ಲಿ ಲಿಮಿಟೆಡ್ ಕಂಪನಿ ಮಾಡಿ ಮುಂದುವರಿಸುವ ಆಸೆ ಎಂದು ಬರೆದಿದ್ದೀರಿ. ಅರ್ಜಿಯಲ್ಲಿ ಹೆಜ್ಜೆ ಹೆಜ್ಜೆಗೂ ವಿಳಾಸ ಕೇಳುತ್ತಾರೆ, ಎಲ್ಲ ಕಡೆಗೂ ಬಾಡಿಗೆ ಮನೆಯದನ್ನೇ ಕೊಟ್ಟರೆ ಆಗುತ್ತದೆಯೇ, ಇಲ್ಲವೇ ಲೂಟನ್‌ನಲ್ಲಿರುವ ಪರಿಚಯದವರ ಮನೆಯದನ್ನು ಕೊಡಲೇ ಎಂಬುದು ನಿಮ್ಮ ಪ್ರಶ್ನೆ. ಅವಲಂಬಿತರ ವೀಸಾದಲ್ಲಿ ಬಂದ ನಿಮಗೆ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ. ಪತಿಯ ವೀಸಾದ ಷರತ್ತುಗಳು ಬೇರೆ. ಅವರನ್ನು ಕಂಪನಿಯ ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಅವನ್ನು ಓದಿ.

ಲೂಟನ್ನಿನ ವಿಳಾಸ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಮುಂದೆ ಬರುತ್ತದೆ.

ನಮ್ಮ ಊರಿನಲ್ಲಿ ಕಂಪನಿ ತೆರೆದವರನ್ನು ಕೇಳಿ ನೋಡಿ. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಗೆ ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್ಲು, ಬಾಡಿಗೆ ಕರಾರು, ಮನೆ ಮಾಲೀಕರ ಒಪ್ಪಿಗೆ ಪತ್ರ ಎಲ್ಲವನ್ನೂ ಹೊಂದಿಸಬೇಕು. ಹೊರಗೆ ಹಾಕುವ ಫಲಕದಲ್ಲಿ ಸ್ಥಳೀಯ ಭಾಷೆಯಲ್ಲೂ ಹೆಸರಿರಬೇಕು. ಇಲ್ಲಿ ನೋಂದಣಿಯ ಹೊತ್ತಿಗೆ ಯಾರೂ ಬಿಲ್ಲು ಕೇಳುವುದಿಲ್ಲ. ಟೈಪ್ ಮಾಡಿದ ವಿಳಾಸ ಹಾಗೆಯೇ ಒಳಗೆ ಹೋಗುತ್ತದೆ. ಹೊಸಬರು ಇದನ್ನು ಕಂಡು, ವಿಳಾಸಕ್ಕೆ ಇಲ್ಲಿ ಅಷ್ಟೇನೂ ಬೆಲೆಯಿಲ್ಲ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಿಜಸಂಗತಿಯೆಂದರೆ ಈ ದೇಶದ ಆಡಳಿತ ಇವತ್ತಿಗೂ ಮಾತನಾಡುವುದು ಹೆಚ್ಚಾಗಿ ಲಕೋಟೆಯ ಮೂಲಕ. ಆ ಲಕೋಟೆ ನೀವು ಕೊಟ್ಟ ವಿಳಾಸ ಮುಟ್ಟಿದರೆ ಸಾಕು, ನಿಮ್ಮ ಕೈ ಸೇರಿತೆಂದೇ ಲೆಕ್ಕ. ಕೈಗೆ ಬರಲಿಲ್ಲ ಎನ್ನುವ ಮಾತಿಗೆ ಬಹಳ ಕಡಿಮೆ ತೂಕ.

ನನಗೆ ಇದು ತಿಳಿದ ಬಗೆಯನ್ನು ಹೇಳುತ್ತೇನೆ. 2011ರಲ್ಲಿ ರೆಡಿಂಗ್‌ಗೆ ಬಂದೆ, ಕಾಯಂ ವಾಸದ ಅನುಮತಿ ಸಿಕ್ಕ ಮೇಲೆ 2016ರ ಜುಲೈನಲ್ಲಿ ಕಂಪನಿ ನೋಂದಾಯಿಸಿದೆ. ವಿಳಾಸ ಕೇಳಿದ ಕಡೆಯೆಲ್ಲ ಬಾಡಿಗೆ ಮನೆಯದೇ. 2017ರ ಕೊನೆಗೆ ಮನೆ ಬದಲಾಯಿಸಿದಾಗ ಬ್ಯಾಂಕಿಗೆ, ಕೌನ್ಸಿಲ್‌ಗೆ, ವೈದ್ಯರ ಕ್ಲಿನಿಕ್ಕಿಗೆ ತಿಳಿಸಿದೆ. ಕಂಪನಿಯ ನೋಂದಾಯಿತ ಕಚೇರಿಯನ್ನು ಬದಲಾಯಿಸುವುದು ಬಿಟ್ಟುಹೋಯಿತು. ಮೊದಲ ಲೆಕ್ಕಪತ್ರ ಸಲ್ಲಿಸಲು ನೋಂದಣಿಯಾದ ದಿನದಿಂದ 21 ತಿಂಗಳ ಗಡುವು, ಅಂದರೆ 2018ರ ಏಪ್ರಿಲ್. ಜೂನ್‌ನಲ್ಲಿ ಒಂದು ಸಂಜೆ ಹಳೆಯ ಮನೆಗೆ ಬಂದಿದ್ದ ಪೋಲೆಂಡ್‌ನ ಹೆಂಗಸು ನನ್ನ ಫೋನ್ ನಂಬರು ಹೇಗೋ ಹುಡುಕಿ ಕರೆದರು. ಹೋದೆ. ಬಾಗಿಲ ಹಿಂದಿನ ಕೋಟು ತೂಗುಹಾಕುವ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಅದರ ತುಂಬ ನನ್ನ ಕಂಪನಿಯ ಹೆಸರಿನ ಲಕೋಟೆಗಳು, ಕೆಲವು ಬಿಳಿ, ಕೆಲವು ಕಂದು. ಅಂಚೆಯವನು ಬಾಗಿಲ ಸೀಳಿನಿಂದ ತಳ್ಳಿ ಹೋದದ್ದನ್ನು ಆ ತಾಯಿ ಒಂದನ್ನೂ ಎಸೆಯದೆ ಆರು ತಿಂಗಳು ಕಾಪಾಡಿದ್ದರು. ಅವರ ಅಡುಗೆಮನೆಯ ಮೇಜಿನ ಮೇಲೆಯೇ ಒಡೆದು ಓದಿದೆ. ಗಡುವು ದಾಟಿ ಎರಡು ತಿಂಗಳಾಗಿತ್ತು. ಒಂದು ತಿಂಗಳೊಳಗಾದರೆ 150 ಪೌಂಡ್ ದಂಡ, ಒಂದರಿಂದ ಮೂರು ತಿಂಗಳಾದರೆ 375. ನಾನು ಕಟ್ಟಿದ್ದು 375. ಅವರು ಆ ಲಕೋಟೆಗಳನ್ನು ಕಸಕ್ಕೆ ಹಾಕಿದ್ದರೆ ಕಂಪನಿಯೇ ಉಳಿಯುತ್ತಿರಲಿಲ್ಲವೇನೋ. ಅವರ ಉಪಕಾರವನ್ನು ನಾನು ಮರೆತಿಲ್ಲ.

ಈಗ ನಿಮ್ಮ ಅರ್ಜಿಗೆ ಬರೋಣ. ಮೊದಲನೆಯದು ನೋಂದಾಯಿತ ಕಚೇರಿ. ಕಂಪನಿಗೆ ಕಾನೂನು ಗುರುತಿಸುವ ಮನೆ ಇದು. ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆಯಾದ, ಕಾರ್ಡಿಫ್‌ನಲ್ಲಿರುವ ಕಂಪನೀಸ್ ಹೌಸ್, ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ, ನ್ಯಾಯಾಲಯ ಎಲ್ಲರೂ ಪತ್ರ ಹಾಕುವುದು ಇಲ್ಲಿಗೇ. ಕಂಪನಿಯ ಹತ್ತು ಅಂಕಿಯ ತೆರಿಗೆ ಸಂಖ್ಯೆಯೂ ಇಲ್ಲಿಗೇ ಬರುತ್ತದೆ. ಯಾರಾದರೂ ಗಿರಾಕಿ ನಿಮ್ಮ ಮೇಲೆ ಹಣದ ದಾವೆ ಹೂಡಿದರೆ ಅದರ ಕಾಗದವೂ ಇಲ್ಲಿಗೇ. ಉತ್ತರಕ್ಕೆ ಸಿಗುವುದು ಸಾಮಾನ್ಯವಾಗಿ 14 ದಿನ. ಸುಮ್ಮನಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು. ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಆ ತೀರ್ಪು ಆರು ವರ್ಷ ದಾಖಲೆಯಲ್ಲಿ ಉಳಿದು ಸಾಲ ಸಿಗದಂತೆ ಮಾಡುತ್ತದೆ. ಲೂಟನ್ನಿನ ಪರಿಚಯದವರು ಎಷ್ಟೇ ಒಳ್ಳೆಯವರಿರಲಿ, ರಜೆಗೆಂದು ಐದು ವಾರ ಊರಿಗೆ ಹೋದರೆ ಆ 14 ದಿನವನ್ನು ಯಾರು ನೋಡಿಕೊಳ್ಳುತ್ತಾರೆ? ಅವರ ಸ್ನೇಹಕ್ಕೂ ಇದು ಹೊರೆ.

2024ರ ಮಾರ್ಚ್ 4ರಿಂದ ಇದು ಇನ್ನಷ್ಟು ಬಿಗಿಯಾಗಿದೆ. ವಿಳಾಸ ಸೂಕ್ತವಾಗಿರಬೇಕು, ಅಂದರೆ ಅಲ್ಲಿ ಕೊಟ್ಟ ಕಾಗದ ಕಂಪನಿಯ ಪರವಾಗಿರುವವರ ಗಮನಕ್ಕೆ ಬರುವಂತಿರಬೇಕು, ತಲುಪಿದ್ದಕ್ಕೆ ಸಹಿ ಸಿಗುವಂತಿರಬೇಕು. ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯುವುದಿಲ್ಲ. ನಿಮಗೆ ಹಕ್ಕಿಲ್ಲದ ವಿಳಾಸ ಕೊಟ್ಟಿದ್ದೀರೆಂದು ದೂರು ಹೋದರೆ ಕಂಪನೀಸ್ ಹೌಸ್ ತಾನೇ ನಿಮ್ಮ ಕಚೇರಿಯನ್ನು ಕಾರ್ಡಿಫ್‌ನ ತನ್ನ ಪೆಟ್ಟಿಗೆ ವಿಳಾಸಕ್ಕೆ ವರ್ಗಾಯಿಸಬಹುದು. ಆಮೇಲೆ 28 ದಿನದೊಳಗೆ ಸರಿಯಾದ ವಿಳಾಸ ಕೊಡದಿದ್ದರೆ ಕಂಪನಿಯ ಹೆಸರು ಅಳಿಸುವ ಕ್ರಮ ಶುರುವಾಗುತ್ತದೆ. ಹಾಗೆ ಅಳಿದ ಕಂಪನಿಯ ಖಾತೆಯಲ್ಲಿದ್ದ ಹಣ ಈ ದೇಶದ ರಾಜಸತ್ತೆಯ ಪಾಲಾಗುತ್ತದೆ.

ಇನ್ನೊಂದು ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಾಯಿಸಿದ ಕಂಪನಿಯ ಕಚೇರಿ ಆ ಗಡಿಯೊಳಗೇ ಇರಬೇಕು. ನಾಳೆ ಪತಿಗೆ ಎಡಿನ್‌ಬರೋದಲ್ಲಿ ಕೆಲಸ ಸಿಕ್ಕರೆ ನೀವು ಅಲ್ಲಿ ಕುಳಿತು ಕೆಲಸ ಮಾಡಬಹುದು, ಆದರೆ ನೋಂದಾಯಿತ ಕಚೇರಿಯನ್ನು ಸ್ಕಾಟ್ಲೆಂಡ್‌ಗೆ ಒಯ್ಯುವಂತಿಲ್ಲ.

ನಂತರ ಬರುವುದು ನಿರ್ದೇಶಕರಾದ ನಿಮ್ಮ ವಿಳಾಸ. ಇದರಲ್ಲಿ ಎರಡು, ಹೊಸಬರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಸರ್ವಿಸ್ ಅಡ್ರೆಸ್ ಎನ್ನುವುದು ನಿರ್ದೇಶಕರಾಗಿ ನಿಮಗೆ ಬರುವ ಪತ್ರಗಳಿಗೆ, ಅದು ಜಗತ್ತಿಗೆಲ್ಲ ಕಾಣುತ್ತದೆ. ವಾಸದ ಮನೆಯ ವಿಳಾಸವನ್ನು ಪ್ರತ್ಯೇಕವಾಗಿ ಕೇಳುತ್ತಾರೆ. ಅದನ್ನು ಕೊಡಲೇಬೇಕು, ಆದರೆ ಸಾರ್ವಜನಿಕರಿಗೆ ತೋರಿಸುವುದಿಲ್ಲ. ಹುಟ್ಟಿದ ದಿನಾಂಕದಲ್ಲೂ ತಿಂಗಳು ಮತ್ತು ವರ್ಷ ಮಾತ್ರ ಹೊರಗೆ ಕಾಣುತ್ತದೆ. ಆದರೆ ನೀವಾಗಿಯೇ ಮನೆಯ ವಿಳಾಸವನ್ನು ಸರ್ವಿಸ್ ಅಡ್ರೆಸ್ ಎಂದೋ ನೋಂದಾಯಿತ ಕಚೇರಿ ಎಂದೋ ಬರೆದರೆ ಈ ರಕ್ಷಣೆಯಿಂದ ಏನು ಪ್ರಯೋಜನ? ಕಂಪನೀಸ್ ಹೌಸ್‌ನ ದಾಖಲೆಯನ್ನು ಯಾರು ಬೇಕಾದರೂ ಹಣವಿಲ್ಲದೆ ನೋಡಬಹುದು. ನಿಮ್ಮ ಹೆಸರು ಟೈಪ್ ಮಾಡಿದರೆ ನಿಮ್ಮ ಮನೆ ಬಾಗಿಲು ಸಿಗುತ್ತದೆ. ಒಬ್ಬ ಹೆಣ್ಣುಮಗಳು ಹಗಲಿಡೀ ಮನೆಯಲ್ಲಿ ಒಬ್ಬರೇ ಕೆಲಸ ಮಾಡುವಾಗ, ಹಣದ ವಿಷಯದಲ್ಲಿ ಮುನಿಸಿಕೊಂಡ ಗಿರಾಕಿಗೆ ಆ ವಿಳಾಸ ಸಿಗುವುದು ನನಗೆ ಸರಿ ಕಾಣುವುದಿಲ್ಲ.

ಇದಲ್ಲದೆ ನೀವು ಷೇರುದಾರರೂ ಹೌದು. ಶೇಕಡಾ 25ಕ್ಕಿಂತ ಹೆಚ್ಚು ಷೇರು ಹೊಂದಿರುವುದರಿಂದ ಕಂಪನಿಯ ಮೇಲೆ ಹಿಡಿತವಿರುವ ವ್ಯಕ್ತಿಯೂ ಹೌದು. ಅಲ್ಲಿಯೂ ವಿಳಾಸ ಕೇಳುತ್ತಾರೆ. ಮೊದಲ ಷೇರುದಾರರ ವಿಳಾಸ ನೋಂದಣಿ ಅರ್ಜಿಯಲ್ಲಿ ಅಚ್ಚಾಗಿ, ಆ ಅರ್ಜಿ ಪೂರ್ತಿಯಾಗಿ ಸಾರ್ವಜನಿಕ ದಾಖಲೆಯಾಗುತ್ತದೆ. ನಿರ್ದೇಶಕರ ಪುಟದಲ್ಲಿ ಎಚ್ಚರದಿಂದ ಬೇರೆ ವಿಳಾಸ ಕೊಟ್ಟು, ಷೇರಿನ ಪುಟದಲ್ಲಿ ಮನೆಯದನ್ನು ಬರೆದು ಎಲ್ಲವನ್ನೂ ಬಯಲು ಮಾಡಿಕೊಂಡವರನ್ನು ಕಂಡಿದ್ದೇನೆ. ಅಲ್ಲಿಯೂ ಸರ್ವಿಸ್ ಅಡ್ರೆಸ್ ಸಾಕು. 2025ರ ಜನವರಿ 27ರಿಂದ ಹಳೆಯ ದಾಖಲೆಗಳಲ್ಲಿ ಕಾಣುವ ಮನೆಯ ವಿಳಾಸವನ್ನು ಮರೆಮಾಡಿಸಲು ಹೆಚ್ಚಿನ ಅವಕಾಶ ಬಂದಿದೆ. ಪ್ರತಿ ದಾಖಲೆಗೂ ಶುಲ್ಕ ಕಟ್ಟಬೇಕು, ಈಗಲೂ ಅದೇ ನೋಂದಾಯಿತ ಕಚೇರಿಯಾಗಿದ್ದರೆ ಮರೆಮಾಡುವಂತಿಲ್ಲ. ಮೊದಲೇ ಬರೆಯದಿರುವುದು ಸುಲಭ.

ಕೆಲಸ ನಡೆಯುವ ಜಾಗದ ವಿಳಾಸ ಬೇರೆ. ಅದನ್ನು ಕೇಳುವವರು ಬ್ಯಾಂಕಿನವರು, ವಿಮೆಯವರು, ಎಚ್‌ಎಂಆರ್‌ಸಿ. ಅಲ್ಲಿ ನಿಮ್ಮ ಮನೆಯ ವಿಳಾಸವನ್ನೇ ನಿಜವಾಗಿ ಕೊಡಿ, ಏಕೆಂದರೆ ನೀವು ಕುಳಿತು ಕೆಲಸ ಮಾಡುವುದು ಅಲ್ಲಿಯೇ. ವಾರ್ಷಿಕ ವಹಿವಾಟು 90,000 ಪೌಂಡ್ ದಾಟಿ ವ್ಯಾಟ್‌ಗೆ ನೋಂದಾಯಿಸುವ ದಿನ ಬಂದರೂ ಇದೇ ಬೇಕಾಗುತ್ತದೆ. ದಾಖಲೆ ಪುಸ್ತಕಗಳನ್ನು ಬೇರೆಡೆ ಇಡುವವರಿಗೆಂದು ಸೈಲ್ ಎಂಬ ವಿಳಾಸವೂ ಉಂಟು. ಒಬ್ಬರ ಕಂಪನಿಗೆ ಅದರ ಗೊಡವೆ ಬೇಡ. ಇಮೇಲ್ ವಿಳಾಸವನ್ನೂ ಈಗ ನೋಂದಾಯಿಸಬೇಕು. ಅದು ಹೊರಗೆ ಕಾಣುವುದಿಲ್ಲ, ಆದರೆ ದಿನವೂ ತೆರೆಯುವ ಇಮೇಲ್ ಆಗಿರಲಿ.

ಹಾಗಾದರೆ ನೋಂದಾಯಿತ ಕಚೇರಿಗೆ ಮತ್ತು ಸರ್ವಿಸ್ ಅಡ್ರೆಸ್‌ಗೆ ಏನು ಕೊಡಬೇಕು? ನಾನಾದರೆ ವಿಳಾಸ ಸೇವೆ ಕೊಡುವ ಸಂಸ್ಥೆಯೊಂದಕ್ಕೆ ಹಣ ಕಟ್ಟುತ್ತೇನೆ, ಕಳೆದ ಏಳು ವರ್ಷಗಳಿಂದ ಕಟ್ಟುತ್ತಿದ್ದೇನೆ. ನಿಮ್ಮ ಲೆಕ್ಕಿಗರು ಒಪ್ಪಿದರೆ ಅವರ ಕಚೇರಿಯೂ ಆಗಬಹುದು. ಆಯ್ಕೆ ಮಾಡುವಾಗ ಒಂದು ಪರೀಕ್ಷೆ ಇದೆ. ಇಂಥ ಸೇವೆ ಕೊಡುವವರು ಅಕ್ರಮ ಹಣ ತಡೆಯುವ ನಿಯಮಗಳ ಅಡಿಯಲ್ಲಿ ಎಚ್‌ಎಂಆರ್‌ಸಿಯ ಅಥವಾ ಅಂಥ ಮೇಲ್ವಿಚಾರಕರ ಬಳಿ ನೋಂದಾಯಿಸಿರಬೇಕು, ನಿಮ್ಮ ಪಾಸ್‌ಪೋರ್ಟ್ ಮತ್ತು ಮನೆಯ ವಿಳಾಸದ ಪುರಾವೆ ಕೇಳಬೇಕು. ಏನೂ ಕೇಳದೆ ಕಾರ್ಡಿನಿಂದ ಹಣ ಎಳೆದುಕೊಂಡರೆ ಆ ಬಾಗಿಲಿಗೆ ಹೋಗಬೇಡಿ. ಸರ್ಕಾರಿ ಪತ್ರಗಳನ್ನು ಮಾತ್ರ ಕಳುಹಿಸುತ್ತಾರೋ ಗಿರಾಕಿಗಳ ಪತ್ರಗಳನ್ನೂ ಕಳುಹಿಸುತ್ತಾರೋ, ಬಂದ ದಿನವೇ ಸ್ಕ್ಯಾನ್ ಮಾಡುತ್ತಾರೋ ಕೇಳಿ. ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹಣ ನಿಂತರೆ ಅವರೇ ನಿಮ್ಮ ಕಂಪನಿಯನ್ನು ತಮ್ಮ ವಿಳಾಸದಿಂದ ತೆಗೆಸುತ್ತಾರೆ. ನಿಮ್ಮ ಬಿಲ್ಲು, ಇಮೇಲ್, ವೆಬ್‌ಸೈಟ್‌ಗಳಲ್ಲಿ ಕಂಪನಿಯ ಪೂರ್ಣ ಹೆಸರು ಇರಬೇಕು. ಇಮೇಲ್ ಮತ್ತು ವೆಬ್‌ಸೈಟ್‌ನಲ್ಲಿ ಕಂಪನಿಯ ಸಂಖ್ಯೆ, ದೇಶದ ಯಾವ ಭಾಗದಲ್ಲಿ ನೋಂದಣಿಯಾಗಿದೆ ಎಂಬುದು, ನೋಂದಾಯಿತ ಕಚೇರಿ ಕೂಡ ಕಾಣಿಸಬೇಕು. ಇದಕ್ಕಾಗಿಯೂ ಮನೆಯದಲ್ಲದ ವಿಳಾಸ ಒಳ್ಳೆಯದು.

ಮನೆ ಬದಲಾದಾಗ ನನ್ನಂತೆ ಮಾಡಬೇಡಿ. ನೋಂದಾಯಿತ ಕಚೇರಿಗೆ ಒಂದು ಅರ್ಜಿ, ನಿರ್ದೇಶಕರ ವಿವರಕ್ಕೆ ಇನ್ನೊಂದು, ಹಿಡಿತವಿರುವ ವ್ಯಕ್ತಿಯ ವಿವರಕ್ಕೆ ಮತ್ತೊಂದು. ಒಂದನ್ನು ತಿದ್ದಿದರೆ ಉಳಿದವು ತಾವಾಗಿ ಬದಲಾಗುವುದಿಲ್ಲ. ಮರೆಯಲ್ಲಿರುವ ವಾಸದ ವಿಳಾಸ ಬದಲಾದರೂ 14 ದಿನದೊಳಗೆ ತಿಳಿಸಬೇಕು. ಯಾವುದಕ್ಕೂ ಶುಲ್ಕವಿಲ್ಲ. ಕಚೇರಿ ಬದಲಾವಣೆ ದಾಖಲಾದ ಮೇಲೂ 14 ದಿನ ಹಳೆಯ ವಿಳಾಸಕ್ಕೆ ಬಂದ ಕಾಗದ ಕಾನೂನಿನ ಕಣ್ಣಿಗೆ ಬಂದಂತೆಯೇ. ಅಷ್ಟು ದಿನ ಅಲ್ಲಿಗೂ ಹೋಗಿ ನೋಡಿ. ವ್ಯಾಟ್ ಇದ್ದರೆ ಎಚ್‌ಎಂಆರ್‌ಸಿಗೆ 30 ದಿನದೊಳಗೆ ಬೇರೆಯಾಗಿ ತಿಳಿಸಬೇಕು.

ಅರ್ಜಿ ಒತ್ತುವ ಮುನ್ನ ಎರಡು ಕೆಲಸ ಮುಗಿಸಿ. 2025ರ ನವೆಂಬರ್ 18ರಿಂದ ಹೊಸ ನಿರ್ದೇಶಕರು ಗುರುತು ದೃಢೀಕರಿಸಿಕೊಂಡು 11 ಅಕ್ಷರ-ಅಂಕಿಗಳ ಸಂಕೇತ ಪಡೆದಿರಬೇಕು, ಅದು ಮೊದಲು. ಎರಡನೆಯದು, ಬಾಡಿಗೆ ಕರಾರನ್ನು ತೆಗೆದು ಮನೆಯನ್ನು ವಾಸಕ್ಕೆ ಮಾತ್ರ ಬಳಸಬೇಕು ಎಂಬ ಸಾಲು ಇದೆಯೇ ಹುಡುಕಿ. ನೋಂದಾಯಿತ ಕಚೇರಿ ಬೇರೆಡೆ ಇದ್ದರೂ ಮನೆಯಲ್ಲಿ ಕುಳಿತು ವಿನ್ಯಾಸ ಮಾಡುವುದಕ್ಕೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಒಂದು ಇಮೇಲ್ ಸಾಕು. ಆ ಸಾಲಿನ ಅರ್ಥ ಆಗದಿದ್ದರೆ ಅದನ್ನು ಹಾಗೆಯೇ ನನಗೆ ಬರೆದು ಕಳುಹಿಸಿ, ಓದಿ ಹೇಳುತ್ತೇನೆ.