ಅಚ್ಚು ಒಂದು, ವಿಂಡೋ ಹಲವು: ಓದುಗರ ಪ್ರಶ್ನೆಗಳಿಗೆ ಉತ್ತರ

ಒಮ್ಮೆ ಕಟ್ಟಿದ ಫಾರ್ಮಿನ ತುಣುಕನ್ನು ಹತ್ತು ವಿಂಡೋಗಳಲ್ಲಿ ಬಳಸುವುದು ಹೇಗೆ? ಈ ಬಾರಿಯ ಪ್ರಶ್ನೆಗಳೆಲ್ಲ ಇದರ ಸುತ್ತಲೇ ಇವೆ. ಕಂಪ್ಯೂಟರ್ ತಂತ್ರಾಂಶದ ವಿಂಡೋ ಕಟ್ಟುವ ಸಲಕರಣೆಗಳಾದ ಡಬ್ಲ್ಯುಪಿಎಫ್ (ಮೈಕ್ರೋಸಾಫ್ಟ್‌ನದು), ಕ್ಯೂಟಿ, ಸ್ವಿಂಗ್ (ಜಾವಾದ್ದು) ಮೂರರ ದಾರಿಯೂ ಬೇರೆ ಬೇರೆ, ಆದರೆ ಎಡವುವ ಕಲ್ಲು ಹೆಚ್ಚುಕಡಿಮೆ ಒಂದೇ.

ಪ್ರಶ್ನೆ: ಸಹಕಾರ ಸಂಘವೊಂದಕ್ಕೆ ಡಬ್ಲ್ಯುಪಿಎಫ್‌ನಲ್ಲಿ ಸಾಲದ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದೇನೆ. ಸದಸ್ಯರ ವಿಳಾಸಕ್ಕೂ ಜಾಮೀನುದಾರರ ವಿಳಾಸಕ್ಕೂ ಒಂದೇ ಬಗೆಯ ಆರು ಖಾನೆಗಳು. ಅವನ್ನು ಒಂದು ಮರುಬಳಕೆಯ ತುಣುಕಾಗಿ, ಅಂದರೆ ಯೂಸರ್‌ಕಂಟ್ರೋಲ್ ಮಾಡಿ ಒಂದೇ ವಿಂಡೋದಲ್ಲಿ ಎರಡು ಕಡೆ ಇಟ್ಟೆ. ಕಂಟ್ರೋಲಿನ ಕನ್‌ಸ್ಟ್ರಕ್ಟರ್‌ನಲ್ಲಿ ಡೇಟಾಕಾಂಟೆಕ್ಸ್ಟ್‌ಗೆ (ಬೈಂಡಿಂಗ್‌ಗಳು ದತ್ತಾಂಶ ಹುಡುಕುವ ಜಾಗಕ್ಕೆ) 'ದಿಸ್', ಅಂದರೆ ಆ ಕಂಟ್ರೋಲನ್ನೇ, ಕೊಟ್ಟಿದ್ದೇನೆ. ವಿಂಡೋದಿಂದ ಬೈಂಡ್ ಮಾಡಿದ (ಕೊಂಡಿ ಹಾಕಿದ) ವಿಳಾಸ ಒಳಗೆ ಬರುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಏನು ತಪ್ಪಾಗಿದೆ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ತೊಂದರೆ ಇರುವುದು ನೀವು ಹೇಳಿದ ಆ ಒಂದು ಸಾಲಿನಲ್ಲೇ. ಮೊದಲು ಅದನ್ನು ಅಳಿಸಿ. ವಿಂಡೋದಲ್ಲಿ ನಿಮ್ಮ ಕಂಟ್ರೋಲಿನ ಟ್ಯಾಗ್ ಮೇಲೆ ಬರೆದ ಬೈಂಡಿಂಗ್ ಹುಡುಕಾಟ ಶುರು ಮಾಡುವುದು ಆ ಕಂಟ್ರೋಲಿನದೇ ಡೇಟಾಕಾಂಟೆಕ್ಸ್ಟ್‌ನಲ್ಲಿ. ಮಾಮೂಲಾಗಿ ಅದು ವಿಂಡೋದಿಂದ ಇಳಿದು ಬಂದಿರುತ್ತದೆ. 'ದಿಸ್' ಎಂದು ಕೊಟ್ಟ ಕೂಡಲೇ ಆ ಕೊಂಡಿ ಕಡಿಯಿತು. 'ಸದಸ್ಯ.ವಿಳಾಸ' ಎಂಬುದನ್ನು ಡಬ್ಲ್ಯುಪಿಎಫ್ ಈಗ ಕಂಟ್ರೋಲಿನೊಳಗೇ ಹುಡುಕುತ್ತದೆ, ಅಲ್ಲಿ 'ಸದಸ್ಯ' ಎಂಬ ಪ್ರಾಪರ್ಟಿಯೇ ಇಲ್ಲ. ಬೈಂಡಿಂಗ್ ತಪ್ಪಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ಅದಕ್ಕೇ ನಿಮಗೆ ಎರರ್ ಕಾಣಲಿಲ್ಲ. ಆದರೆ ಡೀಬಗ್‌ನಲ್ಲಿ ಓಡಿಸಿ ವಿಷುಯಲ್ ಸ್ಟುಡಿಯೋದ ಔಟ್‌ಪುಟ್ ವಿಂಡೋ ನೋಡಿ: 'ಡೇಟಾ ಎರರ್: 40' ಎಂದಿರುವ ಸಾಲು ಬಿದ್ದಿರುತ್ತದೆ. ಯಾವ ಪ್ರಾಪರ್ಟಿ ಯಾವ ಆಬ್ಜೆಕ್ಟ್‌ನಲ್ಲಿ ಸಿಗಲಿಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ಬೈಂಡಿಂಗ್ ಕೆಲಸ ಮಾಡದಾಗ ಮೊದಲು ನೋಡಬೇಕಾದ್ದು ಆ ಸಾಲನ್ನೇ.

ಸರಿಪಡಿಸುವುದು ಹೀಗೆ. ಕಂಟ್ರೋಲಿನೊಳಗಿನ ಮೊದಲ ಗ್ರಿಡ್‌ಗೆ ಒಂದು ಹೆಸರು ಕೊಡಿ. ಇನಿಶಿಯಲೈಸ್‌ಕಾಂಪೊನೆಂಟ್ ಆದಮೇಲೆ ಆ ಗ್ರಿಡ್‌ನ ಡೇಟಾಕಾಂಟೆಕ್ಸ್ಟ್‌ಗೆ 'ದಿಸ್' ಕೊಡಿ. ಆಗ ಹೊರಗಿನ ಟ್ಯಾಗ್ ವಿಂಡೋದ ದತ್ತಾಂಶವನ್ನೂ, ಒಳಗಿನ ಖಾನೆಗಳು ಕಂಟ್ರೋಲನ್ನೂ ನೋಡುತ್ತವೆ. ಇಡೀ ಸಂಗತಿಯ ತಿರುಳು ಇಷ್ಟೇ: ತಾನು ಯಾವ ವಿಂಡೋದಲ್ಲಿ ಕೂತಿದ್ದೇನೆ ಎಂಬುದು ತುಣುಕಿಗೆ ಗೊತ್ತಿರಬಾರದು, ತುಣುಕಿನ ಹೊಟ್ಟೆಯಲ್ಲಿ ಏನಿದೆ ಎಂಬುದು ವಿಂಡೋಗೂ ಗೊತ್ತಿರಬಾರದು.

ಇನ್ನು ಆರು ಖಾನೆಗೆ ಆರು ಪ್ರಾಪರ್ಟಿ ಮಾಡಬೇಡಿ. 'ವಿಳಾಸ' ಎಂಬ ಒಂದೇ ಡಿಪೆಂಡೆನ್ಸಿ ಪ್ರಾಪರ್ಟಿ (ಹೊರಗಿನಿಂದ ಬೈಂಡ್ ಮಾಡಬಹುದಾದ ಪ್ರಾಪರ್ಟಿ) ಸಾಕು, ಅದಕ್ಕೆ ವಿಳಾಸದ ಆಬ್ಜೆಕ್ಟನ್ನು ಇಡಿಯಾಗಿ ಕೊಡಿ. ಒಳಗಿನ ಟೆಕ್ಸ್ಟ್‌ಬಾಕ್ಸ್‌ಗಳು 'ವಿಳಾಸ.ಬೀದಿ', 'ವಿಳಾಸ.ಪಿನ್' ಎಂದು ಬೈಂಡ್ ಆಗಲಿ. ಟೆಕ್ಸ್ಟ್‌ಬಾಕ್ಸ್‌ನ ಟೆಕ್ಸ್ಟ್ ತಾನಾಗಿಯೇ ಎರಡು ದಿಕ್ಕಿನದು, ಹಾಗಾಗಿ ಟೈಪ್ ಮಾಡಿದ್ದು ಆಬ್ಜೆಕ್ಟ್‌ಗೆ ಹೋಗುತ್ತದೆ. ಪಿನ್‌ಕೋಡ್‌ನಂಥ ಒಂದೇ ಸ್ಟ್ರಿಂಗನ್ನು ಹೊರಗೆ ಕೊಡುವ ಕಂಟ್ರೋಲ್ ಆದರೆ, ರಿಜಿಸ್ಟರ್ ಮಾಡುವಾಗ ಫ್ರೇಮ್‌ವರ್ಕ್‌ಪ್ರಾಪರ್ಟಿಮೆಟಾಡೇಟಾದಲ್ಲಿ 'ಬೈಂಡ್ಸ್‌ಟೂವೇಬೈಡಿಫಾಲ್ಟ್' ಸೇರಿಸಿ. ಇಲ್ಲದಿದ್ದರೆ, ಬೈಂಡಿಂಗ್‌ನಲ್ಲೇ ಎರಡು ದಿಕ್ಕು ಎಂದು ಬರೆಯದ ಹೊರತು, ಬಳಕೆದಾರರು ಟೈಪ್ ಮಾಡಿದ್ದು ಕಂಟ್ರೋಲಿನಲ್ಲೇ ಉಳಿದುಬಿಡುತ್ತದೆ.

ಈ ಪ್ರಾಪರ್ಟಿ ಬರೆಯುವಾಗ ಕೆಡುವುದು ಮೂರು ಕಡೆ. ಬೇರೆ ಕಂಟ್ರೋಲಿನಿಂದ ನಕಲು ಮಾಡಿ ಓನರ್ ಟೈಪ್ (ಪ್ರಾಪರ್ಟಿ ಯಾವ ಕ್ಲಾಸಿಗೆ ಸೇರಿದ್ದು ಎಂಬುದು) ಬದಲಿಸಲು ಮರೆಯುವುದು ಮೊದಲನೆಯದು. ಸೆಟ್ ಬ್ಲಾಕಿನೊಳಗೆ ಕೋಡ್ ಬರೆಯುವುದು ಎರಡನೆಯದು. ಝಾಮಲ್ (ಡಬ್ಲ್ಯುಪಿಎಫ್‌ನಲ್ಲಿ ವಿಂಡೋದ ವಿನ್ಯಾಸ ಬರೆಯುವ ಭಾಷೆ) ಮತ್ತು ಬೈಂಡಿಂಗ್ ಎರಡೂ ನೇರವಾಗಿ ಸೆಟ್‌ವ್ಯಾಲ್ಯೂ ಕರೆಯುತ್ತವೆ, ನಿಮ್ಮ ಸೆಟ್ ಬ್ಲಾಕನ್ನು ಮುಟ್ಟುವುದೇ ಇಲ್ಲ. ಬದಲಾದಾಗ ಏನಾದರೂ ಮಾಡಬೇಕಿದ್ದರೆ ಪ್ರಾಪರ್ಟಿಚೇಂಜ್ಡ್ ಕಾಲ್‌ಬ್ಯಾಕ್‌ನಲ್ಲಿ ಮಾಡಿ. ಮೂರನೆಯದು ಹುಡುಕಲು ಬಹಳ ಕಷ್ಟದ್ದು: ಡಿಫಾಲ್ಟ್ ಬೆಲೆಯಾಗಿ ಹೊಸ ಲಿಸ್ಟ್ ಒಂದನ್ನು ಕೊಟ್ಟರೆ, ಆ ಲಿಸ್ಟ್ ಹುಟ್ಟುವುದು ರಿಜಿಸ್ಟರ್ ಆಗುವಾಗ, ಒಂದೇ ಸಲ. ಎಲ್ಲ ಕಂಟ್ರೋಲ್‌ಗಳಿಗೂ ಅದೇ ಲಿಸ್ಟ್. ಸದಸ್ಯರ ಪಟ್ಟಿಗೆ ಸೇರಿಸಿದ್ದು ಜಾಮೀನುದಾರರ ಪಟ್ಟಿಯಲ್ಲೂ ಪ್ರತ್ಯಕ್ಷವಾಗುತ್ತದೆ. ಡಿಫಾಲ್ಟ್ ಆಗಿ ನಲ್ ಇರಲಿ, ಕನ್‌ಸ್ಟ್ರಕ್ಟರ್‌ನಲ್ಲಿ ಸೆಟ್‌ಕರೆಂಟ್‌ವ್ಯಾಲ್ಯೂ ಮೂಲಕ ಹೊಸ ಲಿಸ್ಟ್ ಇಡಿ.

ಸಾಲದ ಲೆಕ್ಕ ಎಂದಿರುವುದರಿಂದ ಇನ್ನೊಂದು ಮಾತು. ಟೆಕ್ಸ್ಟ್‌ಬಾಕ್ಸ್ ತನ್ನ ಪಠ್ಯವನ್ನು ಆಬ್ಜೆಕ್ಟ್‌ಗೆ ಒಪ್ಪಿಸುವುದು ಫೋಕಸ್ ಬಿಟ್ಟಾಗ. ಟೂಲ್‌ಬಾರ್ ತನ್ನದೇ ಫೋಕಸ್ ವಲಯ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದರಲ್ಲಿರುವ 'ಉಳಿಸು' ಬಟನ್ ಒತ್ತಿದರೆ ಟೆಕ್ಸ್ಟ್‌ಬಾಕ್ಸ್‌ನ ಲಾಸ್ಟ್‌ಫೋಕಸ್ ಆಗುವುದಿಲ್ಲ, ಕೊನೆಯ ಖಾನೆಯಲ್ಲಿ ಬರೆದದ್ದು ಸೇವ್ ಆಗದೆ ಹೋಗುತ್ತದೆ. ಬೈಂಡಿಂಗ್‌ನಲ್ಲಿ ಅಪ್‌ಡೇಟ್‌ಸೋರ್ಸ್‌ಟ್ರಿಗರ್ ಅನ್ನು ಪ್ರಾಪರ್ಟಿಚೇಂಜ್ಡ್ ಮಾಡಿದರೆ ಈ ಅಪಾಯ ತಪ್ಪುತ್ತದೆ.

ಪ್ರಶ್ನೆ: ನನ್ನ ಎಲ್ಲ ವಿಂಡೋಗಳಲ್ಲೂ ಮೇಲೆ ಶೀರ್ಷಿಕೆ ಪಟ್ಟಿ, ಕೆಳಗೆ 'ಉಳಿಸು', 'ರದ್ದು' ಬಟನ್‌ಗಳು. ನಡುವಿನ ಭಾಗ ಮಾತ್ರ ಬೇರೆ. ಈ ಹೊರಕವಚವನ್ನು ಯೂಸರ್‌ಕಂಟ್ರೋಲ್ ಮಾಡಿದರೆ, ನಡುವೆ ಇಟ್ಟ ಟೆಕ್ಸ್ಟ್‌ಬಾಕ್ಸ್‌ಗೆ ಹೆಸರು ಕೊಡಲು ಕಂಪೈಲರ್ ಬಿಡುತ್ತಿಲ್ಲ. ಎಂಸಿ3093 ಎಂಬ ಎರರ್ ಬರುತ್ತಿದೆ.
(ಓದುಗರೊಬ್ಬರು, ಮಂಗಳೂರು)

ಉತ್ತರ: ಯೂಸರ್‌ಕಂಟ್ರೋಲ್ ಈ ಕೆಲಸಕ್ಕೆ ಹೇಳಿದ್ದಲ್ಲ. ಅದಕ್ಕೆ ತನ್ನದೇ ಝಾಮಲ್ ಕಡತ ಇದೆ, ಅದರಲ್ಲಿನ ಹೆಸರುಗಳ ಲೆಕ್ಕ ಆಗಲೇ ಮುಗಿದಿದೆ. ಅದರೊಳಗೆ ಹೊರಗಿನಿಂದ ತಂದಿಟ್ಟ ವಸ್ತುವಿಗೆ ಮತ್ತೊಂದು ಹೆಸರು ಬರೆಯಲು ಜಾಗವಿಲ್ಲ ಎನ್ನುವುದೇ ಆ ಎರರ್‌ನ ಅರ್ಥ. ನಿಮಗೆ ಬೇಕಿರುವುದು ಟೆಂಪ್ಲೇಟ್, ಅಂದರೆ ಕಂಟ್ರೋಲಿನ ನೋಟದ ಅಚ್ಚು.

ಬರಿಯ ನೋಟವಷ್ಟೇ ಸಾಕಿದ್ದರೆ ಹೊಸ ಕ್ಲಾಸ್ ಕೂಡ ಬೇಡ: ಆ್ಯಪ್.ಝಾಮಲ್‌ನಲ್ಲಿ ಹೆಡರ್ಡ್‌ಕಂಟೆಂಟ್‌ಕಂಟ್ರೋಲ್‌ಗೆ ಒಂದು ಸ್ಟೈಲ್ ಬರೆದು, ಅದರ ಟೆಂಪ್ಲೇಟ್‌ನಲ್ಲಿ ಮೂರು ಸಾಲಿನ ಗ್ರಿಡ್ ಇಡಿ. ಮೇಲಿನ ಮತ್ತು ಕೆಳಗಿನ ಸಾಲು ಆಟೋ (ಒಳಗಿನದಕ್ಕೆ ತಕ್ಕಷ್ಟು), ನಡುವಿನದು ಸ್ಟಾರ್ (ಉಳಿದ ಜಾಗವೆಲ್ಲ), ನಡುವೆ ಒಳಗಿನ ವಸ್ತು ಬಂದು ಕೂರುವ ಕಂಟೆಂಟ್‌ಪ್ರೆಸೆಂಟರ್. ಆದರೆ ನಿಮ್ಮ ಬಟನ್‌ಗಳಿಗೆ ವಿಂಡೋದಿಂದ ಕಮಾಂಡ್ ಬರಬೇಕಲ್ಲ, ಅದಕ್ಕಾಗಿ ಹೆಡರ್ಡ್‌ಕಂಟೆಂಟ್‌ಕಂಟ್ರೋಲ್‌ನಿಂದ ಒಂದು ಕ್ಲಾಸ್ ಇಳಿಸಿ, ಐಕಮಾಂಡ್ (ಬಟನ್ ಒತ್ತಿದಾಗ ನಡೆಯಬೇಕಾದ ಕೆಲಸ) ಬಗೆಯ ಎರಡು ಡಿಪೆಂಡೆನ್ಸಿ ಪ್ರಾಪರ್ಟಿ ಸೇರಿಸಿ. ಟೆಂಪ್ಲೇಟನ್ನು 'ಥೀಮ್ಸ್' ಫೋಲ್ಡರಿನ 'ಜೆನೆರಿಕ್.ಝಾಮಲ್' ಕಡತದಲ್ಲಿಡಿ, ಈ ಹೆಸರುಗಳನ್ನು ಬದಲಿಸುವಂತಿಲ್ಲ. ಸ್ಟ್ಯಾಟಿಕ್ ಕನ್‌ಸ್ಟ್ರಕ್ಟರ್‌ನಲ್ಲಿ ಡಿಫಾಲ್ಟ್‌ಸ್ಟೈಲ್‌ಕೀ ಬದಲಿಸುವುದನ್ನು ಮರೆತರೆ ಮೂಲ ಕ್ಲಾಸಿನ ಬೋಳು ರೂಪವೇ ಕಾಣುತ್ತದೆ. ಅದನ್ನು ಬದಲಿಸಿಯೂ ಪರದೆ ಖಾಲಿ ಇದ್ದರೆ, ಕ್ಲಾಸ್ ಇರುವ ಲೈಬ್ರರಿಯಲ್ಲಿ ಥೀಮ್‌ಇನ್ಫೋ ಆ್ಯಟ್ರಿಬ್ಯೂಟ್ ಇದೆಯೇ ನೋಡಿ. ಸಾದಾ ಕ್ಲಾಸ್ ಲೈಬ್ರರಿಗೆ ಕಂಟ್ರೋಲ್ ಸ್ಥಳಾಂತರಿಸಿದವರು ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಕ್ಯೂಟಿ ಡಿಸೈನರ್‌ನಲ್ಲಿ ಮಾಡಿದ ಒಂದು ಯುಐ ಕಡತವನ್ನು ಇನ್ನೊಂದು ಯುಐ ಕಡತದೊಳಗೆ ಸೇರಿಸಲು ಆಗುತ್ತದೆಯೇ? ಈಗ ಕಾಪಿ-ಪೇಸ್ಟ್ ಮಾಡುತ್ತಿದ್ದೇನೆ. ಒಂದು ಖಾನೆ ಬದಲಾದರೆ ಏಳು ಫಾರ್ಮ್ ತಿದ್ದಬೇಕು.
(ಓದುಗರೊಬ್ಬರು, ಮೈಸೂರು)

ಉತ್ತರ: ನೇರವಾಗಿ ಸೇರಿಸುವ ಸೌಲಭ್ಯ ಇಲ್ಲ, 'ಪ್ರಮೋಟ್' ಮಾಡುವ, ಅಂದರೆ ಖಾಲಿ ವಿಜೆಟ್‌ನ ಜಾಗದಲ್ಲಿ ನಿಮ್ಮ ಕ್ಲಾಸನ್ನು ಕೂರಿಸುವ ದಾರಿ ಇದೆ. ತುಣುಕನ್ನು ಪ್ರತ್ಯೇಕ ಯುಐ ಕಡತವಾಗಿ, ಕ್ಯೂವಿಜೆಟ್ ಆಧಾರದ ಮೇಲೆ ಮಾಡಿ. ಅದಕ್ಕೊಂದು ಕ್ಲಾಸ್ ಬರೆದು ಕನ್‌ಸ್ಟ್ರಕ್ಟರ್‌ನಲ್ಲಿ ಸೆಟಪ್‌ಯುಐ ಕರೆಯಿರಿ. ಆ ಕನ್‌ಸ್ಟ್ರಕ್ಟರ್ ಪೇರೆಂಟ್ ಒಂದನ್ನೇ ಪಡೆದು ಕೆಲಸ ಮಾಡುವಂತಿರಬೇಕು, ಏಕೆಂದರೆ ಡಿಸೈನರ್‌ನಿಂದ ಹುಟ್ಟುವ ಕೋಡ್ ಕೊಡುವುದು ಅದನ್ನು ಮಾತ್ರ. ದೊಡ್ಡ ಫಾರ್ಮಿನಲ್ಲಿ ತುಣುಕು ಬರಬೇಕಾದ ಜಾಗಕ್ಕೆ ಖಾಲಿ 'ವಿಜೆಟ್' ಎಳೆದು ತಂದು, ಅದರ ಮೇಲೆ ಬಲ ಕ್ಲಿಕ್ ಮಾಡಿ 'ಪ್ರಮೋಟ್ ಟು' ಆರಿಸಿ. ಕ್ಲಾಸಿನ ಹೆಸರು ಮತ್ತು ಹೆಡರ್ ಕಡತದ ಹೆಸರು ತುಂಬಿ 'ಆ್ಯಡ್', ಆಮೇಲೆ 'ಪ್ರಮೋಟ್'. ಕ್ಯೂಟಿಯನ್ನು ಪೈಥಾನ್‌ನಿಂದ ಬಳಸಲು ಪೈಕ್ಯೂಟಿಯಲ್ಲಿ ಬರೆಯುವವರು ಹೆಡರ್ ಜಾಗದಲ್ಲಿ ಪೈಥಾನ್ ಮಾಡ್ಯೂಲಿನ ಹೆಸರು ಕೊಟ್ಟರೆ ಸಾಕು. ಪೈಸೈಡ್‌ನ ಕ್ಯೂಯುಐಲೋಡರ್ ಬಳಸುವುದಾದರೆ, ಕಡತ ಲೋಡ್ ಮಾಡುವ ಮೊದಲೇ ರಿಜಿಸ್ಟರ್‌ಕಸ್ಟಮ್‌ವಿಜೆಟ್ ಕರೆದು ಕ್ಲಾಸನ್ನು ಪರಿಚಯಿಸಿ.

ಡಿಸೈನರ್‌ನಲ್ಲಿ ಪ್ರಮೋಟ್ ಆದ ಜಾಗ ಖಾಲಿಯಾಗಿಯೇ ಕಾಣುತ್ತದೆ, ಗಾಬರಿ ಬೇಡ, ಓಡಿಸಿದಾಗ ತುಂಬಿಕೊಳ್ಳುತ್ತದೆ. ಅಲ್ಲೇ ಕಾಣಬೇಕೆಂದರೆ ಪ್ಲಗಿನ್ ಬರೆಯಬೇಕು; ಏಳು ಫಾರ್ಮ್‌ಗಾಗಿ ಅಷ್ಟು ಶ್ರಮ ಬೇಡ.

ಪ್ರಮೋಟ್ ಮಾಡಿದ ಕೂಡಲೇ ಕಣ್ಣಿಗೆ ಚುಚ್ಚುವುದು ಮಾರ್ಜಿನ್. ತುಣುಕಿನ ಒಳಗಿನ ಲೇಔಟ್‌ಗೆ ತನ್ನದೇ ಮಾರ್ಜಿನ್ ಇರುತ್ತದೆ, ಹೊರಗಿನದಕ್ಕೆ ಅದು ಕೂಡಿಕೊಂಡು ತುಣುಕಿನ ಲೇಬಲ್‌ಗಳು ಅಕ್ಕಪಕ್ಕದ ಲೇಬಲ್‌ಗಳಿಗಿಂತ ಬಲಕ್ಕೆ ಸರಿದು ನಿಲ್ಲುತ್ತವೆ. ಒಳ ಲೇಔಟ್‌ನ ನಾಲ್ಕೂ ಮಾರ್ಜಿನ್ 0 ಮಾಡಿ. ಅಂಚಿನ ಜಾಗ ಎಷ್ಟಿರಬೇಕು ಎಂಬುದು ತುಣುಕನ್ನು ಇಟ್ಟುಕೊಳ್ಳುವ ಫಾರ್ಮಿನ ನಿರ್ಧಾರ. ಬೇಸ್ ಕ್ಲಾಸ್ ಕೂಡ ಸರಿಹೊಂದಬೇಕು: ಕ್ಯೂಫ್ರೇಮ್ ಎಳೆದು ತಂದು ಕ್ಯೂವಿಜೆಟ್‌ನ ಮಗುವಿಗೆ ಪ್ರಮೋಟ್ ಮಾಡಿದರೆ ಸೆಟ್‌ಫ್ರೇಮ್‌ಶೇಪ್ ಸಿಗಲಿಲ್ಲ ಎಂದು ಸಿ++ ಕಂಪೈಲ್ ನಿಲ್ಲುತ್ತದೆ. ಟ್ಯಾಬ್ ಕೀಲಿ ಸರಿಯಾಗಿ ಒಳಗೆ ಇಳಿಯಲು ತುಣುಕಿನ ಕನ್‌ಸ್ಟ್ರಕ್ಟರ್‌ನಲ್ಲಿ ಮೊದಲ ಖಾನೆಯನ್ನು ಸೆಟ್‌ಫೋಕಸ್‌ಪ್ರಾಕ್ಸಿಗೆ ಕೊಡಿ. ಇನ್ನು ಫೈಂಡ್‌ಚೈಲ್ಡ್‌ನಿಂದ ಹೆಸರು ಹಿಡಿದು ತುಣುಕಿನ ಒಳಗೆ ಕೈಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಒಂದೇ ಫಾರ್ಮಿನಲ್ಲಿ ಎರಡು ತುಣುಕುಗಳಿದ್ದರೆ ಆ ಹೆಸರಿನ ಖಾನೆಯೂ ಎರಡು, ಕೈಗೆ ಸಿಗುವುದು ಒಂದು ಮಾತ್ರ. ತುಣುಕೇ ಒಂದು ಸಿಗ್ನಲ್ ಕಳಿಸಲಿ, ಫಾರ್ಮ್ ಅದನ್ನು ಕೇಳಿಸಿಕೊಳ್ಳಲಿ.

ಪ್ರಶ್ನೆ: ಜಾವಾ ಸ್ವಿಂಗ್‌ನಲ್ಲಿ ಒಂದು ಜೆಪ್ಯಾನೆಲ್ ಮಾಡಿ ಎರಡು ಡಯಲಾಗ್‌ಗಳಿಗೆ ಸೇರಿಸಿದರೆ ಎರಡನೆಯದರಲ್ಲಿ ಮಾತ್ರ ಕಾಣುತ್ತದೆ. 'ಬಾಕ್ಸ್‌ಲೇಔಟ್ ಹಂಚಿಕೊಳ್ಳುವಂತಿಲ್ಲ' ಎಂಬ ಅರ್ಥದ ಎರರ್ ಕೂಡ ಬಂತು, ನಾನು ಹಂಚಿಕೊಂಡೇ ಇರಲಿಲ್ಲ.
(ಓದುಗರೊಬ್ಬರು, ಧಾರವಾಡ)

ಉತ್ತರ: ಸ್ವಿಂಗ್‌ನಲ್ಲಿ ಒಂದು ಕಾಂಪೊನೆಂಟ್‌ಗೆ ಒಬ್ಬನೇ ತಂದೆ. ಎರಡನೆಯ ಕಡೆ ಸೇರಿಸಿದಾಗ ಆ್ಯಡ್ ಅದನ್ನು ಮೊದಲ ಕಡೆಯಿಂದ ಸದ್ದಿಲ್ಲದೆ ತೆಗೆಯುತ್ತದೆ. ಮರುಬಳಕೆ ಮಾಡಬೇಕಾದ್ದು ಅಚ್ಚನ್ನು, ಅಂದರೆ ಜೆಪ್ಯಾನೆಲ್‌ನಿಂದ ಇಳಿಸಿದ ಕ್ಲಾಸನ್ನು. ಪ್ರತಿ ಡಯಲಾಗ್‌ಗೂ ನ್ಯೂ ಎಂದು ಹೊಸ ಎರಕ. ಎರಡೂ ಕಡೆ ಒಂದೇ ಮಾಹಿತಿ ಬೇಕಿದ್ದರೆ ಮಾಡೆಲ್ (ಮಾಹಿತಿಯನ್ನು ಹಿಡಿದಿರುವ ಆಬ್ಜೆಕ್ಟ್) ಹಂಚಿಕೊಳ್ಳಿ. ಎರಡು ಜೆಟೆಕ್ಸ್ಟ್‌ಫೀಲ್ಡ್‌ಗಳಿಗೆ ಒಂದೇ ಡಾಕ್ಯುಮೆಂಟ್ ಕೊಟ್ಟರೆ ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲೂ ಮೂಡುತ್ತದೆ. ಜೆಟೇಬಲ್‌ಗೂ ಹೀಗೆಯೇ. ಸ್ವಿಂಗ್‌ನಲ್ಲಿ ಬಹಳ ಸೊಗಸಾದ ವ್ಯವಸ್ಥೆ ಇದು, ಬಳಸುವವರು ಕಡಿಮೆ.

ಬಾಕ್ಸ್‌ಲೇಔಟ್ ಹುಟ್ಟುವಾಗಲೇ ತಾನು ಯಾವ ಕಂಟೇನರ್‌ಗೆ ಸೇರಿದ್ದು ಎಂದು ಬರೆದುಕೊಳ್ಳುತ್ತದೆ. ನೀವು ಬಹುಶಃ ಜೆಫ್ರೇಮನ್ನೋ ಜೆಡಯಲಾಗನ್ನೋ ಕೊಟ್ಟಿದ್ದೀರಿ. ಆದರೆ ಅವುಗಳ ಸೆಟ್‌ಲೇಔಟ್ ನಿಜವಾಗಿ ಹೋಗುವುದು ಒಳಗಿನ ಕಂಟೆಂಟ್‌ಪೇನ್‌ಗೆ. ಬರೆದುಕೊಂಡ ಹೆಸರೊಂದು, ಬಂದು ಸೇರಿದ ಮನೆ ಇನ್ನೊಂದು, ಅದಕ್ಕೇ ಎರರ್. ಬಾಕ್ಸ್‌ಲೇಔಟ್‌ಗೆ ಗೆಟ್‌ಕಂಟೆಂಟ್‌ಪೇನ್ ಕೊಡಿ.

ಗ್ರಿಡ್‌ಬ್ಯಾಗ್‌ಕನ್‌ಸ್ಟ್ರೈಂಟ್ಸ್ ಆಬ್ಜೆಕ್ಟ್ ಒಂದನ್ನೇ ಎಲ್ಲ ಸಾಲಿಗೂ ಬಳಸಬಹುದು, ಲೇಔಟ್ ಪ್ರತಿ ಸಲ ನಕಲು ಮಾಡಿಕೊಳ್ಳುತ್ತದೆ. ಆದರೆ ಹಿಂದಿನ ಸಾಲಿಗೆ ಕೊಟ್ಟ ಗ್ರಿಡ್‌ವಿಡ್ತ್ 2 ಮುಂದಿನ ಸಾಲಿಗೂ ಅಂಟಿಕೊಂಡು ಬರುತ್ತದೆ. ಸಾಲಿಗೊಮ್ಮೆ ಮರಳಿ 1 ಮಾಡಿ.

ಪ್ರಶ್ನೆ: ಮರುಬಳಕೆಯ ಪ್ಯಾನೆಲ್‌ಗಳು ಇಂಗ್ಲಿಷ್ ಲೇಬಲ್ ಇದ್ದಾಗ ಚೆನ್ನಾಗಿದ್ದವು. ಕನ್ನಡಕ್ಕೆ ಬದಲಿಸಿದ ಮೇಲೆ ಒಂದರ ಕೆಳಗೊಂದು ಇಟ್ಟ ಎರಡು ಪ್ಯಾನೆಲ್‌ಗಳ ಖಾನೆಗಳು ಸಾಲಾಗಿ ನಿಲ್ಲುತ್ತಿಲ್ಲ, ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತಿದೆ.
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಎತ್ತರಕ್ಕೆ 20 ಅಥವಾ 22 ಎಂದು ಗಟ್ಟಿ ಅಂಕಿ ಬರೆದಿರುತ್ತೀರಿ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಲುತ್ತದೆ. 'ರಾಷ್ಟ್ರೀಯತೆ', 'ಸಂಖ್ಯೆ', 'ಜಿಲ್ಲೆ' ಬರೆದಾಗ ಒತ್ತು ಸಾಲಿನಿಂದ ಕೆಳಗೆ ಇಳಿಯುತ್ತದೆ, 'ಷ್ಟ್ರ' ಇನ್ನೂ ಕೆಳಗೆ. ಡಬ್ಲ್ಯುಪಿಎಫ್‌ನಲ್ಲಿ ಹೈಟ್ ತೆಗೆದು ಮಿನ್‌ಹೈಟ್ ಹಾಕಿ, ಮೇಲೆ ಕೆಳಗೆ 3 ಪ್ಯಾಡಿಂಗ್ ಕೊಡಿ. ಕ್ಯೂಟಿಯಲ್ಲಿ ಫಿಕ್ಸೆಡ್‌ಹೈಟ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತೆಗೆಯಿರಿ. ಫಾಂಟ್ ಯಾವುದೆಂದು ನೀವೇ ಹೇಳಿಬಿಡುವುದು ಒಳ್ಳೆಯದು: ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಇದೆ, ಅದಕ್ಕೆ ಹಿಂದಿನದರಲ್ಲಿ ತುಂಗಾ. ಎರಡರ ಅಳತೆಯೂ ಬೇರೆ ಬೇರೆ, ಒಂದರಲ್ಲಿ ಸರಿಹೊಂದಿದ್ದು ಇನ್ನೊಂದರಲ್ಲಿ ಕೈಕೊಡುತ್ತದೆ.

ಸಾಲು ಹೊಂದದಿರುವುದಕ್ಕೆ ಕಾರಣ, ಪ್ರತಿ ಪ್ಯಾನೆಲ್ ತನ್ನ ಉದ್ದನೆಯ ಲೇಬಲ್‌ಗೆ ತಕ್ಕಂತೆ ಕಾಲಂ ಅಗಲ ಮಾಡಿಕೊಳ್ಳುವುದು. ಒಂದರಲ್ಲಿ 'ಊರು', ಇನ್ನೊಂದರಲ್ಲಿ 'ದೂರವಾಣಿ ಸಂಖ್ಯೆ' ಇದ್ದರೆ ಹೊಂದುವುದು ಹೇಗೆ? ಡಬ್ಲ್ಯುಪಿಎಫ್‌ನಲ್ಲಿ ಇದಕ್ಕೆಂದೇ ಶೇರ್ಡ್‌ಸೈಜ್‌ಗ್ರೂಪ್ ಇದೆ. ಪ್ರತಿ ಪ್ಯಾನೆಲ್‌ನ ಲೇಬಲ್ ಕಾಲಂಗೆ ಆಟೋ ಅಗಲ ಕೊಟ್ಟು, ಒಂದೇ ಗುಂಪಿನ ಹೆಸರು ಹಾಕಿ. ಹೆಸರು ಅಂಕಿಯಿಂದ ಶುರುವಾಗಬಾರದು. ಎರಡೂ ಪ್ಯಾನೆಲ್‌ಗಳನ್ನು ಹಿಡಿದಿರುವ ಹೊರಗಿನ ಎಲಿಮೆಂಟ್‌ನಲ್ಲಿ ಗ್ರಿಡ್.ಈಸ್‌ಶೇರ್ಡ್‌ಸೈಜ್‌ಸ್ಕೋಪ್ ಅನ್ನು ಟ್ರೂ ಮಾಡಿ. ಇದನ್ನು ಮರೆತರೆ ಗುಂಪು ಕೆಲಸ ಮಾಡುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಖಾನೆಯ ಸ್ಟಾರ್ ಕಾಲಂ ಅನ್ನು ಮಾತ್ರ ಗುಂಪಿಗೆ ಸೇರಿಸಬೇಡಿ, ಸೇರಿಸಿದರೆ ಅದು ಆಟೋ ಆಗಿ ವರ್ತಿಸಿ, ವಿಂಡೋ ಹಿಗ್ಗಿಸಿದರೂ ಖಾನೆ ಹಿಗ್ಗುವುದಿಲ್ಲ.

ಕ್ಯೂಟಿಯಲ್ಲಿ ಇಂಥ ಸಿದ್ಧ ವ್ಯವಸ್ಥೆ ಇಲ್ಲ. ಪ್ರತಿ ತುಣುಕೂ ತನ್ನ ಲೇಬಲ್‌ಗಳ ಸೈಜ್‌ಹಿಂಟ್ ಅಗಲದಲ್ಲಿ ದೊಡ್ಡದನ್ನು ಹೇಳುವ ಒಂದು ಫಂಕ್ಷನ್, ಕೊಟ್ಟ ಅಗಲವನ್ನು ಸೆಟ್‌ಮಿನಿಮಮ್‌ವಿಡ್ತ್ ಮೂಲಕ ಲೇಬಲ್‌ಗಳಿಗೆ ಹಾಕಿಕೊಳ್ಳುವ ಇನ್ನೊಂದು ಫಂಕ್ಷನ್ ಇಟ್ಟುಕೊಳ್ಳಲಿ. ಫಾರ್ಮ್ ಎಲ್ಲವನ್ನೂ ಕೇಳಿ, ಅತಿ ದೊಡ್ಡದನ್ನು ಎಲ್ಲಕ್ಕೂ ಹಂಚಲಿ. ಓಡುತ್ತಿರುವಾಗಲೇ ಭಾಷೆ ಬದಲಿಸುವ ಸೌಲಭ್ಯ ಇದ್ದರೆ, ಮೊದಲು ಮಿನಿಮಮ್ ಅಗಲವನ್ನು 0 ಮಾಡಿ, ಲ್ಯಾಂಗ್ವೇಜ್‌ಚೇಂಜ್ ಈವೆಂಟ್‌ನಲ್ಲಿ ಲೇಬಲ್‌ಗಳು ಬದಲಾದ ಮೇಲೆ ಈ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಳ್ಳಿ.