ವ್ಯಸನಮುಕ್ತಿ ಕೇಂದ್ರಕ್ಕೆ ಸರ್ಕಾರದ ಅನುದಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ನೋಂದಾಯಿತ ಸಂಸ್ಥೆ ದಾನಿಗಳ ಹಣದಲ್ಲಿ 15 ಹಾಸಿಗೆಗಳ ವ್ಯಸನಮುಕ್ತಿ ಕೇಂದ್ರ ನಡೆಸುತ್ತಿದೆ. ಕೇಂದ್ರ ಸರ್ಕಾರದ ಅನುದಾನ ಸಿಗುತ್ತದೆಯೇ? ಯಾರಿಗೆ ಆದ್ಯತೆ?

ಉತ್ತರ: ಅರ್ಜಿ ಹಾಕಬಹುದು. ಮಾದಕ ವಸ್ತು ನಿಯಂತ್ರಣದ ಹಣ ಮುಖ್ಯವಾಗಿ ಎರಡು ಸಚಿವಾಲಯಗಳಿಂದ ಬರುತ್ತದೆ. ಸಾಗಣೆ, ಮಾರಾಟ ತಡೆಯುವ ಕೆಲಸ ಗೃಹ ಸಚಿವಾಲಯದ್ದು. ಚಿಕಿತ್ಸೆ, ಪುನರ್ವಸತಿ, ಜಾಗೃತಿಗೆ ಹಣ ಕೊಡುವುದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ. ನಿಮಗೆ ಸಲ್ಲುವುದು ಈ ಎರಡನೆಯದು. 2018ರಲ್ಲಿ ಶುರುವಾದ ಎನ್‌ಎಪಿಡಿಡಿಆರ್ (ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ) ಅಡಿ ಒಳರೋಗಿಗಳ ಚಿಕಿತ್ಸಾ ಕೇಂದ್ರ, ಹೊರರೋಗಿಗಳು ಬಂದುಹೋಗುವ ಕೇಂದ್ರ, ಹದಿಹರೆಯದವರ ನಡುವೆ ಗೆಳೆಯರ ಮೂಲಕವೇ ನಡೆಸುವ ತಡೆ ಕಾರ್ಯಕ್ರಮ, ಈ ಮೂರನ್ನೂ ಒಂದೇ ಸೂರಿನಡಿ ತರುವ ಜಿಲ್ಲಾ ವ್ಯಸನಮುಕ್ತಿ ಕೇಂದ್ರ ಎಂಬ ಬಗೆಗಳಿವೆ. ಅನುದಾನಿತ ಕೇಂದ್ರ ಒಂದೂ ಇಲ್ಲದ ಜಿಲ್ಲೆಗಳಿಗೆ ಜಿಲ್ಲಾ ಕೇಂದ್ರ ಕೊಡುವುದು ಯೋಜನೆಯ ಉದ್ದೇಶ. ಹಾಗಾಗಿ ನಿಮ್ಮ ಜಿಲ್ಲೆಯ ಸ್ಥಿತಿ ಏನೆಂದು ಡಿಸಿ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ. ಈಗಾಗಲೇ ಕೇಂದ್ರ ಇರುವ ಊರಿನಲ್ಲಿ ಇನ್ನೊಂದಕ್ಕೆ ಅರ್ಜಿ ಹಾಕಿ ವರ್ಷ ಕಳೆಯುವುದಕ್ಕಿಂತ ಅಲ್ಲಿ ಇಲ್ಲದ ಬಗೆಯ ಸೇವೆಗೆ ಕೇಳುವುದು ಜಾಣತನ.

ಅರ್ಜಿ ಈ ಸಚಿವಾಲಯದ ಇ-ಅನುದಾನ್ ಪೋರ್ಟಲ್‌ನಲ್ಲೇ ಆಗಬೇಕು. ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ನೋಂದಣಿ ಪೋರ್ಟಲ್) ಸಂಖ್ಯೆ, ಕೇಂದ್ರ ಸರ್ಕಾರದ ಹಣ ಪಾವತಿ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ನೋಂದಾಯಿಸಿದ ಬ್ಯಾಂಕ್ ಖಾತೆ, ಸಿಎ ಸಹಿ ಮಾಡಿದ ಮೂರು ವರ್ಷಗಳ ಲೆಕ್ಕಪತ್ರ ಸಿದ್ಧವಿರಲಿ. ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಒಂದು ಸಣ್ಣ ಸಂಗತಿಯಿಂದ: ನೋಂದಣಿ ಪತ್ರದಲ್ಲಿ 'ಸೇವಾ ಟ್ರಸ್ಟ್', ಪ್ಯಾನ್ ಕಾರ್ಡ್‌ನಲ್ಲಿ 'ಸೇವಾ ಟ್ರಸ್ಟ್ (ರಿ)', ಬ್ಯಾಂಕ್‌ನಲ್ಲಿ ಮತ್ತೊಂದು ಹೆಸರು. ಮೂರರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಹೆಸರು ಇರಬೇಕು, ತಿದ್ದುಪಡಿ ಮಾಡಿಸಿಕೊಂಡೇ ಮುಂದುವರಿಯಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿಯೂ ಬೇಕು. ಅದಿಲ್ಲದೆ ಒಳರೋಗಿಗಳನ್ನು ಇಟ್ಟುಕೊಳ್ಳುವುದೇ ತಪ್ಪು, ಅನುದಾನದ ಮಾತು ಆಮೇಲೆ.

ಪ್ರಶ್ನೆ: ಮೊದಲ ಕಂತು ಬಂತು, ಮುಂದಿನದು ಬರಲಿಲ್ಲ. ಕೆಲಸವಂತೂ ನಿಂತಿಲ್ಲ. ಏಕೆ ಹೀಗೆ?

ಉತ್ತರ: ಬಹುಪಾಲು ಕಾರಣ ಹಣ ಬಳಕೆ ಪ್ರಮಾಣಪತ್ರ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದನ್ನು 12-ಎ ನಮೂನೆಯಲ್ಲೇ ಕೊಡಬೇಕು, ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ. ಅಷ್ಟು ಕಾಲವಿದೆಯೆಂದು ಕಾಯುತ್ತ ಕೂತರೆ ನಿಮ್ಮ ಕಂತೇ ತಡವಾಗುತ್ತದೆ. ಏಪ್ರಿಲ್‌ನಲ್ಲೇ ಸಿಎ ಕೈಗೆ ಲೆಕ್ಕ ಕೊಟ್ಟುಬಿಡಿ.

ಅನುದಾನದ ಹಣಕ್ಕೆ ಬೇರೆಯೇ ಖಾತೆ ಇರಲಿ. ಅದರಲ್ಲಿ ಬಂದ ಬಡ್ಡಿ ಸಂಸ್ಥೆಯದಲ್ಲ, ಲೆಕ್ಕ ಅಂತಿಮವಾದ ಕೂಡಲೇ ಸರ್ಕಾರಕ್ಕೆ ಹಿಂದಿರುಗಿಸಬೇಕು. ಸಂಬಳವನ್ನು ನಗದಿನಲ್ಲಿ ಕೊಟ್ಟು ವೋಚರ್ ಇಡುವ ಅಭ್ಯಾಸ ಬಿಡಿ. ಔಷಧಿಯ ಬಾಬತ್ತಿನ ಹಣವನ್ನು ಬಾಡಿಗೆಗೆ ಹಾಕಿದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಅನುದಾನದಲ್ಲಿ ಕೊಂಡ ಮಂಚ, ಕಂಪ್ಯೂಟರುಗಳಿಗೆ ಆಸ್ತಿ ವಹಿ ಬೇಕು, ಅನುಮತಿಯಿಲ್ಲದೆ ಅವನ್ನು ಮಾರುವಂತಿಲ್ಲ. ಕಂತು ತಡವಾಗುವುದು ಅಪರೂಪವೇನಲ್ಲವಾದ್ದರಿಂದ ಆರು ತಿಂಗಳ ಸಂಬಳದಷ್ಟು ಸ್ವಂತ ಹಣ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು ಎಂಬುದು ನಮ್ಮ ಖಚಿತ ಸಲಹೆ. ಹಣ ನಿಂತರೆ ಕೌನ್ಸೆಲರ್ ಬಿಟ್ಟುಹೋಗುತ್ತಾರೆ, ಅವರನ್ನು ನಂಬಿದ್ದ ರೋಗಿಗಳು ಮತ್ತೆ ಬೀದಿಗೆ ಬೀಳುತ್ತಾರೆ.

ಪ್ರಶ್ನೆ: ಪೊಲೀಸರಿಗೆ ಸುರಿಯುವ ಹಣವನ್ನೂ ಚಿಕಿತ್ಸೆಗೇ ಕೊಡಬಾರದೇ?

ಉತ್ತರ: ಎರಡೂ ಬೇಕು. ಆದರೆ ಪೊಲೀಸ್ ಬಾಬತ್ತಿನ ಹಣದಲ್ಲಿ ವಾಹನಕ್ಕಿಂತ ಮೊದಲು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಪಾಲು ಸಿಗಬೇಕು. ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ಪ್ರಮಾಣದ ಮೇಲೆ. ಗಾಂಜಾ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ಹೆರಾಯಿನ್‌ಗೆ ಇದೇ ಮಿತಿ 5 ಗ್ರಾಂ ಮತ್ತು 250 ಗ್ರಾಂ. ಸಿಕ್ಕಿದ ಪುಡಿ ಯಾವುದೆಂದು ಪ್ರಯೋಗಾಲಯ ಹೇಳದಿದ್ದರೆ ಸಾಬೀತು ಮಾಡುವುದಾದರೂ ಹೇಗೆ? ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ಚಾರ್ಜ್‌ಶೀಟ್‌ಗೆ 180 ದಿನಗಳ ಗಡುವಿದೆ. ವರದಿಯ ದಾರಿ ಕಾಯುತ್ತ ಅದು ತಪ್ಪಿದರೆ ಆರೋಪಿ ಜಾಮೀನು ಕೇಳಬಹುದು.

ಇನ್ನು ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯ ಮಾತು. ಅದೇ ಕಾಯ್ದೆಯ 64ಎ ಕಲಮಿನ ಪ್ರಕಾರ ಅವರು ತಾವಾಗಿಯೇ ಚಿಕಿತ್ಸೆಗೆ ಬಂದು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಬಹುದು. ಆ ಚಿಕಿತ್ಸಾ ಕೇಂದ್ರವು ಸರ್ಕಾರದ್ದೋ ಸ್ಥಳೀಯ ಸಂಸ್ಥೆಯದ್ದೋ ಅಥವಾ ಅವುಗಳ ಮಾನ್ಯತೆ ಪಡೆದದ್ದೋ ಆಗಿರಬೇಕು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ರದ್ದಾಗಬಹುದು. ಆದ್ದರಿಂದ ಕೇಂದ್ರ ನಡೆಸುವವರು ದಾಖಲಾದ ದಿನ, ಮುಗಿದ ದಿನ, ನಂತರದ ಪ್ರತಿ ಭೇಟಿಯ ದಿನಾಂಕವನ್ನು ವೈದ್ಯರ ಸಹಿಯೊಂದಿಗೆ ವಹಿಯಲ್ಲಿ ಬರೆದಿಡಬೇಕು. ವಕೀಲರು ನ್ಯಾಯಾಲಯಕ್ಕೆ ಹಾಜರುಪಡಿಸುವುದು ಆ ಪುಟದ ದೃಢೀಕೃತ ನಕಲನ್ನೇ.